ಸಣ್ಣ ಚಾಕು ಯಾರ ಕೈಯಲ್ಲಿತ್ತು?

ಮೂರನೆಯ ಇರಿತಕ್ಕೆ ಸಣ್ಣ ಚಾಕು ಮಡಚಿಕೊಂಡು ಸಬ್ ಇನ್ಸ್‌ಪೆಕ್ಟರ್ ದೌಲತರಾಯನ ಬೆರಳನ್ನೇ ಕಚ್ಚಿತು.

"ಥೂ!" ಎಂದು ಅವನು ಕೈ ಝಾಡಿಸಿದ. ಠಾಣೆಯ ಹಿತ್ತಲಲ್ಲಿ ಬೇವಿನ ಗಿಡಕ್ಕೆ ಬಿಗಿದು ಕಟ್ಟಿದ್ದ ಗೋಣಿಚೀಲದ ಮೇಲೆ ರಕ್ತದ ಹನಿಗಳು ಸಿಡಿದವು. ಚೀಲದೊಳಗೆ ನೀರಲ್ಲಿ ನೆನೆಸಿ ತುರುಕಿದ ಹಳೆಯ ಗೋಣಿತಟ್ಟಿನ ಚೂರುಗಳಿದ್ದವು. ಮುಂಜಾನೆಯಿಂದ ಸಾಹೇಬರು ಅದಕ್ಕೆ ಒಮ್ಮೆ ದೊಡ್ಡ ಚಾಕು, ಒಮ್ಮೆ ಸಣ್ಣ ಚಾಕು ಹಾಕಿ ಇರಿಯುತ್ತಿರುವುದನ್ನು ಹವಾಲ್ದಾರ ದಾವಲಸಾಬ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ. ಈಗ ಓಡಿಬಂದ.

"ಅರರೆ! ರಕ್ತ ಭಾಳ ಹೋಗಾಕತ್ತದಲ್ರಿ ಸಾಹೇಬ್ರ. ತಡೀರಿ, ಅರಿಶಿಣ ತರ್ತೇನಿ."

"ತರೂದು ತರ್ರಿ. ಮೊದಲ ಇಲ್ಲಿ ನೋಡ್ರಿ, ಎಲ್ಲಿ ಕೊಯ್ದದ?"

ದೌಲತರಾಯ ಬಲಗೈಯನ್ನು ಮುಂದೆ ಚಾಚಿದ. ತೋರುಬೆರಳು ಮತ್ತು ನಡುಬೆರಳಿನ ಒಳಮಗ್ಗಲು, ಎರಡನೆಯ ಗೆಣ್ಣಿನ ಹತ್ತಿರ ಗೆರೆ ಎಳೆದಂತೆ ಒಂದೇ ಸಮನೆ ಕೊಯ್ದಿತ್ತು.

"ಚಾಕು ಹಿಡಿದ ಕೈಗೇ ಬಡೀತಲ್ರಿ," ಎಂದ ದಾವಲಸಾಬ.

"ಅದ ನನಗ ಬೇಕಾಗಿತ್ತು."

ತೊಗರಿ ವ್ಯಾಪಾರಿ ಚಂದ್ರಾಮಪ್ಪ ಭೂಸನೂರ ರಸ್ತೆಯ ತನ್ನ ಕಬ್ಬಿನ ತೋಟದ ಕೊಠಡಿಯಲ್ಲಿ ಪಕ್ಕೆಗೆ ಇರಿತ ತಿಂದು ಸತ್ತು ವಾರವಾಗುತ್ತ ಬಂದಿತ್ತು. ಅದೇ ದಿನ ದೊಡ್ಡ ಚಾಕು ಕೊಂಡಿದ್ದನೆಂದು ಅವನ ಜೀಪಿನ ಚಾಲಕ ರಸೂಲ ಲಾಕಪ್ಪಿನಲ್ಲಿದ್ದ.

ಅವನ ಸೊಂಟದಲ್ಲಿ ಸಿಕ್ಕ ದೊಡ್ಡ ಚಾಕು ಪಂಚನಾಮೆಯಾಗಿ ಪೆಟ್ಟಿಗೆಯೊಳಗಿತ್ತು. ಈಗ ಬೇವಿನ ಬುಡದಲ್ಲಿ ಬಿದ್ದಿದ್ದದ್ದು ಅದೇ ತರಹದ್ದು, ರಸೂಲ ಕೊಂಡಿದ್ದ ಬಸ್ ಸ್ಟ್ಯಾಂಡಿನ ಸಲಾವುದ್ದೀನನ ಅಂಗಡಿಯಿಂದಲೇ ದೌಲತರಾಯ ತಂದದ್ದು. ಕಟ್ಟಿಗೆಯ ಹಿಡಿ, ಬಿಚ್ಚಿದರೆ ಗೇಣುದ್ದ. ಅಲಗು ಪೂರ್ತಿ ತೆರೆದ ಕೂಡಲೇ ಟಕ್ಕೆಂದು ಲಾಕು ಬೀಳುತ್ತಿತ್ತು. ಆ ಲಾಕು ಒತ್ತದೆ ಅದನ್ನು ಮಡಚಲು ಬರುತ್ತಿರಲಿಲ್ಲ. ಅದರ ಜೊತೆಗೆ ತಂದ ಸಣ್ಣದು ಕೊಂಬಿನ ಹಿಡಿಯದು, ಅಂಗೈಯೊಳಗೆ ಅಡಗುವಷ್ಟು. ಅದಕ್ಕೆ ಲಾಕಿರಲಿಲ್ಲ. ಒಳಗಿನ ಸ್ಪ್ರಿಂಗು ಎಷ್ಟು ಹಿಡಿಯುತ್ತದೋ ಅಷ್ಟೇ. ಹಣ್ಣು ಹೆಚ್ಚಲು, ದಾರ ಕೊಯ್ಯಲು ಸಾಕು. ಜೋರಾಗಿ ಇರಿದು ಜಗ್ಗುವಾಗ ಕೈ ಸ್ವಲ್ಪ ವಾರೆಯಾದರೆ ಮಡಚಿಕೊಂಡು ಹಿಡಿದವನನ್ನೇ ಕೊಯ್ಯುತ್ತದೆ.

ಗಾಯದ ಬಾಯಿ ಸಣ್ಣದು ಎಂದು ಡಾಕ್ಟರು ಬರೆದಿದ್ದರು. ಸಣ್ಣ ಅಲಗಿನಿಂದ ಆಗಿರಬಹುದು, ದೊಡ್ಡದರ ತುದಿಯಷ್ಟೇ ಹೋಗಿದ್ದರೂ ಆಗಿರಬಹುದು ಎಂದೂ ಬರೆದಿದ್ದರು. ಮೇಲಿನ ಸಾಹೇಬರು ಎರಡನೆಯ ಮಾತನ್ನು ಹಿಡಿದುಕೊಂಡಿದ್ದರು. ದೌಲತರಾಯನನ್ನು ಮೊದಲನೆಯದು ಬಿಡುತ್ತಿರಲಿಲ್ಲ. ಕೊಠಡಿಯ ಹೊಸ್ತಿಲಿಂದ ಬಾವಿಯವರೆಗೆ ಮಣ್ಣಿನ ಮೇಲೆ ಹನಿಹನಿಯಾಗಿ ರಕ್ತ ಬಿದ್ದಿತ್ತು. ಚಾಕುವಿನಿಂದ ತೊಟ್ಟಿಕ್ಕಿದ್ದು ಎಂದು ಎಲ್ಲರೂ ಅಂದುಕೊಂಡಿದ್ದರು. ಅಷ್ಟು ದೂರದವರೆಗೆ ತೊಟ್ಟಿಕ್ಕಲು ಒಂದು ಸಣ್ಣ ಅಲಗಿನಲ್ಲಿ ಎಷ್ಟು ರಕ್ತ ನಿಂತೀತು?

ಅದು ಕೈಯಿಂದ ಬಿದ್ದ ರಕ್ತ. ಅವನಿಗೆ ಈಗ ಅನುಮಾನವಿರಲಿಲ್ಲ.

"ರಸೂಲನ ಕೈ ನೋಡೀರೇನು?"

"ನೋಡೇನ್ರಿ. ಒಂದ ಗೀರೂ ಇಲ್ಲ."

"ನಡೀರಿ."

ಕೋರ್ಟು ಕೊಟ್ಟ ಕಸ್ಟಡಿ ನಾಳೆಗೆ ಮುಗಿಯುತ್ತಿತ್ತು. ನಾಳೆ ರಸೂಲನನ್ನು ಗುಲ್ಬರ್ಗದ ಜೈಲಿಗೆ ಕಳಿಸಿ ಕೈ ತೊಳೆದುಕೊಳ್ಳುವ ಆತುರ ಮೇಲಿನವರಿಗಿತ್ತು. ಅವನ ಹೆಂಡತಿ ಮುಮತಾಜ ದಿನಾ ರೊಟ್ಟಿಯ ಗಂಟು ಹಿಡಿದು ಠಾಣೆಯ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದಳು. ಅಳುತ್ತಿರಲಿಲ್ಲ, ಯಾರ ಕಾಲಿಗೂ ಬೀಳುತ್ತಿರಲಿಲ್ಲ. ದೌಲತರಾಯ ಹಾಯ್ದುಹೋದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು, ಅಷ್ಟೇ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ರಸೂಲ ಕಂಬಿಯ ಹಿಂದೆ ಗೋಡೆಗೆ ಒರಗಿ ಕೂತಿದ್ದ. ಇಪ್ಪತ್ತೈದರ ಆಚೀಚಿನ ತೆಳ್ಳನೆಯ ಹುಡುಗ.

"ಒಂದ ಮಾತ ಕೇಳ್ತೇನಿ, ಸಮಾ ನೆಪ್ಪ ಮಾಡಿ ಹೇಳು," ಎಂದ ದೌಲತರಾಯ. "ಅಂಗಡ್ಯಾಗ ದೊಡ್ಡದು ಸಣ್ಣದು ಎರಡೂ ಇದ್ದವಲ್ಲ. ನೀ ದೊಡ್ಡದ ಯಾಕ ತಗೊಂಡಿ?"

ರಸೂಲ ತಲೆಯೆತ್ತಿದ. ಇಷ್ಟು ದಿನದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ನನಗ ಸಣ್ಣದ ಬೇಕಾಗಿತ್ರಿ. ಅಂಗಿ ಕಿಸೆದಾಗ ಕೂಡ್ತದ. ಸಣ್ಣ ಧಣೇರ ಬ್ಯಾಡಂದ್ರು."

"ಯಾರು, ಚಂದ್ರಾಮಪ್ಪನ ತಮ್ಮ ಶಿವರಾಯನೇನು?"

"ಹೌದ್ರಿ. ಜೋಡಿಗೇ ಬಂದಿದ್ರು. 'ಚೀಲದ ಮ್ಯಾಲ ಹೊಚ್ಚೂ ತಾಡಪತ್ರಿ ಹಗ್ಗ ಕೊಯ್ಯಾಕ ಇದೇನ ಸಾಲ್ತದಲೇ, ದೊಡ್ಡದ ತಗೋ' ಅಂದ್ರು. ತಗೊಂಡೆ."

"ಇದನ್ನ ಯಾಕ ಮೊದಲ ಹೇಳ್ಲಿಲ್ಲ?"

"ನೀ ತಗೊಂಡಿಯೇನು ಅಂತ ಕೇಳಿದ್ರಿ, ಹೌದಂದೆ. ಮುಂದ ಯಾರೂ ಏನೂ ಕೇಳ್ಲಿಲ್ರಿ."

"ಆ ದಿನ ಸಂಜೀಕ ಎಲ್ಲಿದ್ದಿ?"

"ಹೇಳೇನಲ್ರಿ. ಮಧ್ಯಾಹ್ನಕ್ಕ ಜೀಪ ಗಂಜ ಬಜಾರದಾಗ ಧಣೇರ ಅಂಗಡಿ ಮುಂದ ಬಿಟ್ಟೆ. ಹೇಣ್ತಿ ಕರಕೊಂಡು ಬರಾಕ ಕರಜಗಿಗೆ ಹೊಂಟಿದ್ದೆ. ಅಫಜಲಪುರದಾಗ ಬಸ್ಸ ತಪ್ಪಿತು. ರಾತ್ರಿ ಅಲ್ಲೇ ಸ್ಟ್ಯಾಂಡಿನ್ಯಾಗ ಮಲಗಿದ್ದೆ. ಮುಂಜಾನೆ ನಿಮ್ಮವರು ಬಂದು ಹಿಡದ್ರು."

ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ನೋಡಿದವರು ಸಿಕ್ಕಿರಲಿಲ್ಲ. ದೌಲತರಾಯ ಬೆರಳಿಗೆ ಅರಿವೆ ಸುತ್ತಿಸಿಕೊಂಡು ಟೋಪಿ ಹಾಕಿದ.

ಬಸ್ ಸ್ಟ್ಯಾಂಡಿನ ಗೋಡೆಗೆ ಹತ್ತಿಕೊಂಡ ಸಲಾವುದ್ದೀನನ ಅಂಗಡಿಯೆಂದರೆ ಒಂದು ಕಪಾಟು, ಅದರ ಮುಂದೆ ಒಂದು ಹಲಗೆ. ಕೀಲಿ, ಬ್ಯಾಟರಿ, ಬಾಚಣಿಕೆ, ಕತ್ತರಿ. ಒಂದು ಬದಿಗೆ ಮಡಚುವ ಚಾಕುಗಳು, ಒಂದರ ಮಗ್ಗಲಿಗೊಂದು ಬಾಯಿ ಮುಚ್ಚಿಕೊಂಡು ಮಲಗಿದ್ದವು. ಪೊಲೀಸರನ್ನು ಕಂಡು ಅವನು ಸ್ಟೂಲಿನಿಂದ ಎದ್ದ.

"ಬರ್ರಿ ಸಾಹೇಬ್ರ. ಮೊನ್ನೆ ಒಯ್ದ ಮಾಲ ಏನರೆ ಖರಾಬ ಬಂತೇನ್ರಿ?"

"ಮಾಲ ಬರೋಬ್ಬರಿ ಅದ. ಸಲಾವುದ್ದೀನ ಭಾಯಿ, ಅವತ್ತು ರಸೂಲನ ಜೋಡಿ ಯಾರಿದ್ರು?"

ಸಲಾವುದ್ದೀನ ಹಲಗೆಯ ಮೇಲಿನ ಕೀಲಿಗಳನ್ನು ಸರಿಸಿ, ತಿರುಗಿ ಮೊದಲಿನ ಜಾಗಕ್ಕೇ ಇಟ್ಟ.

"ಸತ್ತವರ ತಮ್ಮರಿ. ಶಿವರಾಯಪ್ಪೋರು."

"ಏನ ಮಾತಾಡಿದ್ರು?"

"ರಸೂಲ ಸಣ್ಣದ ಕೈಯಾಗ ಹಿಡಕೊಂಡು ಬಿಚ್ಚೂದು ಮುಚ್ಚೂದು ಮಾಡಾಕತ್ತಿದ್ದ. ದೊಡ್ಡದನ್ನ ತೂಗಿ ನೋಡಿದ, ಭಾರ ಆತದ ಅಂದ. ತಿರುಗಿ ಸಣ್ಣದಕ್ಕ ಕೈ ಹಾಕಿದ. ಗಿರಾಕಿ ಹಿಂಗ ನಿಂತ್ರ ನಮಗೂ ಬ್ಯಾಸರ ಬರ್ತದ್ರಿ. ಕಡೀಕ ಶಿವರಾಯಪ್ಪೋರ 'ನೀ ದೊಡ್ಡದ ತಗೋ, ಸಣ್ಣದ ನನಗಿರ್ಲಿ' ಅಂದ್ರು. ಎರಡೂ ಒಯ್ದ್ರು."

"ಎರಡೂ?"

"ಎರಡೂ ರಿ. ಸಣ್ಣದನ್ನ ಅವರ ಕಿಸೆದಾಗ ಹಾಕ್ಕೊಂಡದ್ದ ನಾ ನೋಡೇನಿ."

ದಾವಲಸಾಬ ಹಲ್ಲು ಕಚ್ಚಿದ. "ಇಷ್ಟ ದಿನ ಬಾಯಾಗ ಏನ ಇಟ್ಕೊಂಡಿದ್ದೆಪ?"

"ರಸೂಲ ಯಾವದ ಒಯ್ದ ಅಂತ ಕೇಳಿದ್ರಿ, ಹೇಳಿದೆ. ಶಿವರಾಯಪ್ಪೋರ ಹೆಸರ ನಾನಾಗಿ ಯಾಕ ತಗೀಲಿ? ಸಾವಾದ ಮನಿಯವ್ರು."

ಅವನ ಮಾತಿನಲ್ಲಿ ತಪ್ಪು ಹುಡುಕುವುದು ದೌಲತರಾಯನಿಗೆ ಸಾಧ್ಯವಾಗಲಿಲ್ಲ. ಕೇಳಬೇಕಾದವನು ಕೇಳಿರಲಿಲ್ಲ. ಅವನು ಜೀಪು ಹತ್ತಿದ.

ಇರಿದವನ ಬಲಗೈಯ ಬೆರಳು ಒಳಗಡೆ ಕೊಯ್ದಿರಬೇಕು. ಸಣ್ಣ ಚಾಕು ಕಿಸೆಗೆ ಹಾಕಿಕೊಂಡವನು ಶಿವರಾಯ. ಅಣ್ಣನನ್ನು ಮಣ್ಣು ಮಾಡಿದ ದಿನ ಶಿವರಾಯನ ಬಲಗೈಗೆ ಬಿಳಿ ಅರಿವೆ ಕಟ್ಟಿದ್ದನ್ನು ದೌಲತರಾಯ ತನ್ನ ಕಣ್ಣಾರೆ ನೋಡಿದ್ದ. ನೋಡಿ, ದುಃಖದ ಮನೆಯಲ್ಲಿ ಕೇಳುವುದೇನೆಂದು ಸುಮ್ಮನೆ ಬಂದಿದ್ದ.

ಚಂದ್ರಾಮಪ್ಪನ ಮನೆಯಲ್ಲಿ ಮಾತಾಡಿಸಲು ಬಂದವರ ಗದ್ದಲ ಇಳಿದಿತ್ತು. ಪಡಸಾಲೆಯ ಕಂಬಕ್ಕೆ ಒರಗಿ ಶಿವರಾಯ ಒಬ್ಬನೇ ಕೂತಿದ್ದ. ಹಣೆಯ ಮೇಲೆ ವಿಭೂತಿ, ಗಡ್ಡ ಬೆಳೆದಿತ್ತು. ಬಲಗೈಯ ಅರಿವೆ ಇನ್ನೂ ಇತ್ತು, ಮಾಸಿತ್ತು. ಒಳಗೆ ಎಲ್ಲೋ ಕೊಡ ಇಟ್ಟ ಸಪ್ಪಳವಾಯಿತು.

"ಬರ್ರಿ, ಕೂಡ್ರಿ. ನೀರ ತರಸ್ಲೇನು?"

"ಬ್ಯಾಡ್ರಿ." ದೌಲತರಾಯ ಜಮಖಾನೆಯ ಮೇಲೆ ಕೂತು ಟೋಪಿಯನ್ನು ಮಗ್ಗಲಿಗಿಟ್ಟ. "ಶಿವರಾಯಪ್ಪೋರ, ನೀವು ಬರಸಿದ ಜಬಾಬ ಮತ್ತೊಮ್ಮೆ ಹೇಳ್ರಿ. ಸಂಜೀಕ ನೀವು ತೋಟಕ್ಕ ಹೋದ್ರಿ."

"ಹೋದೆ. ಕೊಠಡಿ ಬಾಗಲಾ ತೆರದಿತ್ತು. ಅಣ್ಣ ಬಿದ್ದಿದ್ದ. ಆಗಲೇ ಉಸುರ ಹೋಗಿತ್ತು."

"ಬ್ಯಾರೆ ಯಾರೂ ಇರ್ಲಿಲ್ಲ?"

"ಇರ್ಲಿಲ್ಲ."

"ಕೈಗೇನಾಗ್ಯದ?"

"ಕುಡಗೋಲ ಬಡದದ. ಅದೇ ದಿನ ಮುಂಜಾನೆ ಮೇವು ಕೊಯ್ಯಾಕ ಹೋಗಿದ್ದೆ."

"ನೀವು ಎಡಚರೇನು?"

"ಅಲ್ರಿ. ಯಾಕ?"

ದೌಲತರಾಯ ತನ್ನ ಎಡಗೈಯನ್ನು ತಿರುವಿ ತೋರಿಸಿದ. ಕಿರುಬೆರಳ ಬುಡದಲ್ಲಿ ಹಳೆಯ ಗಾಯದ ಬಿಳಿ ಗುರುತಿತ್ತು.

"ಜೇವರ್ಗಿಯೊಳಗ ನಮ್ಮ ಹೊಲದಾಗ ಬಿದ್ದದ್ದು ಇದು. ಕುಡಗೋಲು ಬಲಗೈಯಾಗ ಇರ್ತದ, ಮೇವು ಎಡಗೈಯಾಗ ಇರ್ತದ. ಜಾರಿದ್ರ ಎಡಗೈಗೆ ಬಡೀತದ. ನಿಮಗ ಬಲಗೈಗೆ ಹ್ಯಾಂಗ ಬಡೀತು?"

ಶಿವರಾಯನ ದೃಷ್ಟಿ ದೌಲತರಾಯನ ಬಲಗೈಯ ಮೇಲಿನ ಹೊಸ ಅರಿವೆಗೆ ಹೋಯಿತು.

"ಇದೇನಂತ ನೋಡಾಕತ್ತೀರೇನು? ಸಣ್ಣ ಚಾಕು ಕೊಯ್ದದ. ನೀವು ಸಲಾವುದ್ದೀನನ ಅಂಗಡ್ಯಾಗ ಒಯ್ದಂಥಾದ್ದು. ಅದು ಹಿಡಿದವನಿಗೇ ಕಚ್ಚತದ. ಅರಿವಿ ಬಿಚ್ಚರಿ."

"ಗಾಯ ಹಸೀ ಅದ."

"ಬಿಚ್ಚರಿ ಶಿವರಾಯಪ್ಪೋರ. ಇಲ್ಲಂದ್ರ ದವಾಖಾನಿಯೊಳಗ ಬಿಚ್ಚಸ್ತೇನಿ."

ಶಿವರಾಯ ಕದಲಲಿಲ್ಲ. ದಾವಲಸಾಬ ಅವನೆದುರು ಕುಕ್ಕರಗಾಲಲ್ಲಿ ಕೂತು ಗಂಟು ಸಡಿಲಿಸಿದ. ಒಂದು ಸುತ್ತು, ಇನ್ನೊಂದು ಸುತ್ತು. ಒಳಗಿನ ಪದರು ಹೊರಗಿನದಕ್ಕಿಂತ ಬೆಳ್ಳಗಿತ್ತು. ಕೊನೆಯ ಸುತ್ತು ಬಿಚ್ಚಿ ಬಿತ್ತು.

ದಾವಲಸಾಬ ಆ ಕೈಯನ್ನು ಹಿಂದೆ ಮುಂದೆ ತಿರುವಿದ. ಐದೂ ಬೆರಳು ಬಿಡಿಸಿದ. ಆಮೇಲೆ ಸಾಹೇಬರ ಮುಖ ನೋಡಿದ.

ಗಾಯವಿರಲಿಲ್ಲ. ಒಂದು ಗೀರೂ ಇರಲಿಲ್ಲ. ಬೆವರಿಗೆ ಬಿಳಚಿಕೊಂಡ ನೆಟ್ಟಗಿನ ಕೈ ಅದು.

ದೌಲತರಾಯ ಮುಂಜಾನೆಯಿಂದ ಬೆರಳು ಕೊಯ್ದುಕೊಂಡು ಕಟ್ಟಿದ್ದ ತರ್ಕವೆಲ್ಲ ಪಡಸಾಲೆಯಲ್ಲಿ ಪುಡಿಪುಡಿಯಾಗಿ ಬಿದ್ದಂತಾಯಿತು. ಎದ್ದುಹೋಗಬೇಕೆನಿಸಿತು. ಆದರೆ ಏಳಲಿಲ್ಲ. ಕೆಳಗೆ ಬಿದ್ದಿದ್ದ ಅರಿವೆಯನ್ನೇ ನೋಡುತ್ತ ಕೂತ.

ಗಾಯ ಇದ್ದವನು ಅದನ್ನು ಮುಚ್ಚುತ್ತಾನೆ. ಇಲ್ಲದವನು ಇದೆಯೆಂದು ಯಾಕೆ ತೋರಿಸುತ್ತಾನೆ?

"ಶಿವರಾಯಪ್ಪೋರ," ಎಂದ ಮೆಲ್ಲಗೆ, "ಮನ್ಯಾಗ ರಕ್ತದ ಅರಿವಿ ತೊಳದದ್ದು ಯಾರರೆ ನೋಡಿದ್ರ ಅದಕ್ಕೊಂದು ಕಾರಣ ಬೇಕಲ್ಲ. ಅದಕ್ಕ ನೀವು ಕೈ ಕಟ್ಟೀರಿ. ಖರೇ ಗಾಯ ಯಾರದು?"

"ಅಂವಗ ಏನೂ ಕೇಳಬ್ಯಾಡ್ರಿ."

ಮಾತು ನಡುಮನೆಯ ಬಾಗಿಲಿಂದ ಬಂದಿತ್ತು. ಚಂದ್ರಾಮಪ್ಪ ಮತ್ತು ಶಿವರಾಯನ ತಾಯಿ ಗುರುಬಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಪ್ಪತ್ತರ ಮುದುಕಿ, ಬೆನ್ನು ಇನ್ನೂ ನೆಟ್ಟಗಿತ್ತು. ಸೆರಗಿನಡಿಯಿಂದ ಬಲಗೈಯನ್ನು ಹೊರತೆಗೆದು ಅಂಗೈ ಮೇಲೆ ಮಾಡಿ ಹಿಡಿದಳು. ತೋರುಬೆರಳು, ನಡುಬೆರಳು, ಎರಡನೆಯ ಗೆಣ್ಣು. ಗಾಯ ಹೆಕ್ಕಳೆಗಟ್ಟಿ ಕಪ್ಪಾಗಿತ್ತು.

"ಗಾಯ ನಂದು."

"ಅವ್ವ, ನೀ ಒಳಗ ಹೋಗು!" ಶಿವರಾಯ ಎದ್ದು ನಿಂತ.

"ಎಷ್ಟ ದಿನ ಒಳಗಿರ್ಲಿ?" ಗುರುಬಾಯಿ ಬಂದು ಕಂಬದ ಹತ್ತಿರ ಕೂತಳು. "ಸಾಹೇಬ್ರ, ನಾ ಚುಚ್ಚಲಿಲ್ಲ. ತಗದೆ."

ದೌಲತರಾಯ ತಡೆಯಲಿಲ್ಲ. ಅವಳು ತನ್ನದೇ ಗತಿಯಲ್ಲಿ ಹೇಳಿದಳು.

"ಚಂದ್ರಾಮ ಮಧ್ಯಾಹ್ನ ಉಂಡಿರ್ಲಿಲ್ಲ. ಸಂಜೀ ಮುಂದ ನಾನ ಬುತ್ತಿ ತಗೊಂಡು ನಡಕೋತ ಹೋದೆ. ಕೊಠಡ್ಯಾಗ ಬಿದ್ದಿದ್ದ. ಪಕ್ಕಡ್ಯಾಗ ಚಾಕು ಹಾಂಗ ನಟ್ಟಿತ್ತು. ತಾಯಿ ಕರಳು, ನೋಡಾಕ ಆಗಲಿಲ್ಲ. ಹಿಡದು ಜಗ್ಗಿದೆ. ಬಂತು, ಬಂದದ್ದ ಮಡಚಿ ನನ್ನ ಬೆರಳಿಗೆ ಬಡೀತು. ನನಗ ಆವಾಗ ಗೊತ್ತೂ ಆಗಲಿಲ್ಲ. ಬಾವಿಗೆ ಓಡಿದೆ, ನೀರ ತಂದು ಬಾಯಾಗ ಹಾಕಿದೆ. ಒಂದ ಗುಟುಕ ಇಳೀತು. ಎರಡನೇದು ಹೊರಗ ಬಂತು."

ಬಾವಿಯವರೆಗಿನ ಹನಿಗಳು ದೌಲತರಾಯನ ಕಣ್ಣಮುಂದೆ ಬಂದವು. ಅವು ಓಡಿಹೋದ ಕೊಲೆಗಾರನ ಗುರುತಲ್ಲ. ನೀರು ತರಲು ಹೋದ ತಾಯಿಯದು.

"ಆಮ್ಯಾಲ?"

"ಆಮ್ಯಾಲ ಶಿವರಾಯ ಬಂದ. ನಾ ಆ ಚಾಕು ಮತ್ತ ಎತ್ತಿ ಕೈಯಾಗ ಹಿಡಕೊಂಡು ಕೂತಿದ್ದೆ, ನೋಡಿ ಗಾಬರಿ ಆದ. ಕಸಗೊಂಡು ಬಾವ್ಯಾಗ ಒಗದ. ನನ್ನನ್ನ ಹೊಲದ ಹಾದೀಲೆ ಮನೀಗೆ ಕಳಿಸಿ ಮಂದೀನ ಕರದ."

ದೌಲತರಾಯ ಶಿವರಾಯನ ಕಡೆ ತಿರುಗಿದ. "ಬಾವ್ಯಾಗ ಯಾಕ ಒಗದ್ರಿ?"

ಶಿವರಾಯ ಕುಸಿದು ಕೂತ. "ನನ್ನ ಚಾಕುರಿ ಅದು. ನೋಡಿದ ಕೂಡಲೇ ಗುರ್ತ ಹತ್ತಿತು. ನನ್ನ ಚಾಕು, ಅವ್ವನ ಕೈ, ಅಣ್ಣನ ಹೆಣ. ನೀವಾಗಿದ್ರ ಯಾರ್ನ ಹಿಡೀತಿದ್ರಿ?"

"ನಿಮ್ಮ ಚಾಕು ಅಲ್ಲಿಗೆ ಹ್ಯಾಂಗ ಬಂತು?"

"ಅಂಗಡೀಲಿಂದ ಬರುವಾಗ ಜೀಪಿನ ಮುಂದಿನ ಡಬ್ಬ್ಯಾಗ ಇಟ್ಟು ಮರತಿದ್ದೆ. ಆಣಿ ಮಾಡಿ ಹೇಳ್ತೇನಿ."

"ಜೀಪು ಹೊಡೆಯೋದು ರಸೂಲ," ಎಂದ ದಾವಲಸಾಬ, ಒಲ್ಲದ ಮನಸ್ಸಿನಿಂದ.

"ಅದನ್ನ ನಾ ಹೇಳಾಕತ್ತೇನಿ. ಅವನ ಕೈಗೆ ಎರಡೂ ಚಾಕು ಇದ್ದವು. ದೊಡ್ಡದು ಅವಂದಂತ ಊರಿಗೆಲ್ಲ ಗೊತ್ತಿತ್ತು. ಅದನ್ನ ಬಿಟ್ಟು ಸಣ್ಣದ ತಗೊಂಡಾನ."

ಮಾತು ಸರಿಯಾಗಿತ್ತು. ಇಬ್ಬರ ಕೈಗೂ ಎಟಕುವ ಎರಡು ಚಾಕು. ತನ್ನದನ್ನು ಬಿಟ್ಟು ಇನ್ನೊಬ್ಬನದನ್ನು ಆರಿಸಿಕೊಳ್ಳುವವನು ಜಾಣ. ಆದರೆ ಜಾಣನಾದವನು ತನ್ನದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಾನೆಯೇ? ದೌಲತರಾಯನಿಗೆ ಅದು ಕೂಡಲಿಲ್ಲ.

"ಗುರುಬಾಯವ್ವ," ಎಂದ. "ಮಗಾ ನೀರ ಕುಡದ ಅಂದಿ. ಅಂದ್ರ ಜೀವ ಇತ್ತು. ಏನರೆ ಅಂದನೇನು?"

ಮುದುಕಿ ಬೆರಳ ಹೆಕ್ಕಳೆಯನ್ನು ಹೆಬ್ಬೆರಳಿಂದ ಸವರಿಕೊಂಡಳು.

"ಇದನ್ನ ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಈ ಮಗಗೂ ಹೇಳಿಲ್ಲ. ಒಂದ ಹೆಸರ ಅಂದ."

"ಯಾರ್ದು?"

"ರಸೂಲ ಅಂದ. ಒಂದ ಸಲ."

ದಾವಲಸಾಬ ಕಣ್ಣು ಕೆಳಗೆ ಮಾಡಿದ. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಯ್ದುಹೋಯಿತು.

"ಇಷ್ಟ ದೊಡ್ಡ ಮಾತ ಯಾಕ ಮುಚ್ಚಿಟ್ಟಿ ಯವ್ವಾ?" ಎಂದ ದೌಲತರಾಯ.

"ಹ್ಯಾಂಗ ಹೇಳ್ಲಿ? ಚಂದ್ರಾಮಗ ದಿನಾ ಏನ ಬೇಕಾದ್ರೂ ರಸೂಲನ್ನ ಕರಿಯೋ ರೂಢಿ. ನೀರ ಬೇಕಂದ್ರೂ ರಸೂಲ, ಚಪ್ಪಲಿ ಬೇಕಂದ್ರೂ ರಸೂಲ. ಸಾಯುವಾಗ ದವಾಖಾನಿಗೆ ಒಯ್ಯಂತ ಕರದನೋ, ಇವನೇ ಕೊಂದಾನಂತ ಹೇಳಿದನೋ, ನನಗ ತಿಳೀಲಿಲ್ಲ. ನಿಮ್ಮ ಕೋರ್ಟಿಗೆ ಅದರ ಫರಕ ಗೊತ್ತಾಗ್ತದೇನು? ಆ ಹುಡುಗ ನನ್ನ ಕೈ ಅನ್ನಾ ಉಂಡು ಬೆಳದದ."

ಗೊತ್ತಾಗುವುದಿಲ್ಲ ಎಂದು ದೌಲತರಾಯನಿಗೆ ತಿಳಿದಿತ್ತು. ಸಾಯುವವನ ಬಾಯಿಂದ ಬಂದ ಹೆಸರು ಕಾಗದದ ಮೇಲೆ ಬಿದ್ದರೆ ರಸೂಲನನ್ನು ಉಳಿಸುವವರು ಯಾರೂ ಇರುವುದಿಲ್ಲ. ಬರೆಯದೆ ಬಿಟ್ಟರೆ ತಾನು ಈ ಖಾಕಿ ಅಂಗಿ ಹಾಕಿಕೊಂಡಿರುವುದಕ್ಕೆ ಅರ್ಥವಿಲ್ಲ.

"ದಾವಲಸಾಬ, ಬರ್ಕೊಳ್ರಿ," ಎಂದ.

"ಇದ ಬರದ್ರ ರಸೂಲ ಮುಗದಂಗರಿ ಸಾಹೇಬ್ರ."

"ಗೊತ್ತದ. ಕರದನೋ ತೋರ್ಸಿದನೋ ತಿಳೀಲಿಲ್ಲ ಅಂದದ್ದೂ ಸೇರಿಸಿ ಬರೀರಿ. ಒಂದ ಮಾತೂ ಬಿಡಬ್ಯಾಡ್ರಿ."

"ಬರೀರಿ," ಎಂದಳು ಗುರುಬಾಯಿ. "ಕೋರ್ಟಿನ್ಯಾಗ ಕೇಳಿದ್ರ ನಾ ಏನೂ ಕೇಳೇ ಇಲ್ಲ ಅಂತೇನಿ. ಅಲ್ಲಿದ್ದದ್ದು ನಾ ಒಬ್ಬಾಕಿ."

"ಅವ್ವ ಹೇಳದಿದ್ರೇನಾತು? ನಾ ಹೇಳ್ತೇನಿ!" ಶಿವರಾಯನ ದನಿ ಏರಿತು. "ನನ್ನ ಕಿವಿಲೆ ಕೇಳೇನಿ ಸಾಹೇಬ್ರ. ರಸೂಲ ಅಂತ ಅಣ್ಣ ಅಂದದ್ದು ಖರೇ. ನರಳಿಕೋತ ಅಂದ, ಅಂದು ಕುತ್ತಿಗಿ ವಾಲಿಸಿದ. ನಾ ಬರಸ್ತೇನಿ, ಬರ್ಕೊಳ್ರಿ."

ದಾವಲಸಾಬನ ಪೆನ್ನು ಕಾಗದದ ಮೇಲೆ ನಿಂತಿತು.

ಗುರುಬಾಯಿ ಮಗನ ಕಡೆ ಮೆಲ್ಲಗೆ ತಿರುಗಿದಳು. ಹಗಲ ಬೆಳಕಿನಲ್ಲಿ ಪರಿಚಯವಿಲ್ಲದವನನ್ನು ನೋಡುವ ಹಾಗೆ ನೋಡಿದಳು.

"ಕುತ್ತಿಗಿ ವಾಲಿದ್ದು ಖರೇ. ಆದ್ರ ಅದನ್ನ ನಾ ನಿನಗ ಹೇಳಿಲ್ಲ," ಎಂದಳು. "ನೀ ಬಂದಾಗ ನಾ ಅವನ ಕಣ್ಣ ಮುಚ್ಚಿ ಸೆರಗ ಹೊಚ್ಚಿದ್ದೆ. ಅಂವ ಆ ಹೆಸರ ಅನ್ನುವಾಗ ನೀ ಎಲ್ಲಿ ನಿಂತಿದ್ದೆಪ, ಶಿವರಾಯ?"